ಶಾಕುಹಾಚಿ

ಜಪಾನಿನ ಬಿದಿರ ಕೊಳಲು. ಹೆಸರು ಹುಟ್ಟಿದ್ದು ಅಳತೆಯಿಂದ: ‘ಶಾಕು’ ಎಂದರೆ ಸುಮಾರು 30.3 ಸೆಂ.ಮೀ. ಉದ್ದದ ಜಪಾನೀ ಅಡಿ, ‘ಹಾಚಿ’ ಎಂದರೆ ಎಂಟು. ಒಂದು ಶಾಕು, ಜೊತೆಗೆ ಅದರ ಹತ್ತನೇ ಒಂದರಷ್ಟಿನ ಎಂಟು ಪಾಲು ಸೇರಿ ಸುಮಾರು 54.5 ಸೆಂ.ಮೀ. ಈಗ ಬೇರೆ ಉದ್ದದ ಕೊಳಲುಗಳಿಗೂ ಇದೇ ಹೆಸರು. ಈ ಹೆಸರನ್ನು ಬರೆಯುವ ಅಕ್ಷರಗಳನ್ನೇ ಚೀನೀಯರು ‘ಚಿಬಾ’ ಎಂದು ಓದುತ್ತಾರೆ. ವಾದ್ಯದ ಮೂಲವೂ ಚೀನಾವೇ. ನೇರ ಹಿಡಿದು ತುದಿಯಲ್ಲಿ ಊದುವ ಇದನ್ನು ‘ಜಪಾನೀ ಬಾನ್ಸುರಿ’ ಎನ್ನುವುದು ಅಷ್ಟು ಸರಿಯಲ್ಲ. ಬಾನ್ಸುರಿ ಅಡ್ಡ ಕೊಳಲು.

ಜಪಾನಿನ ಎದೋ ಕಾಲದ ‘ಉಕಿಯೊ-ಎ’ ಶೈಲಿಯ ಚಿತ್ರಗಳಲ್ಲಿ, ಬುಟ್ಟಿಯಂಥ ಟೋಪಿಯಲ್ಲಿ ಮುಖ ಮರೆಸಿ ಶಾಕುಹಾಚಿ ನುಡಿಸುವ ‘ಕೊಮುಸೊ’ ಸನ್ಯಾಸಿಗಳು ಕಾಣುತ್ತಾರೆ. ಚಿತ್ರಕಾರ ಸುಜುಕಿ ಹರುನೊಬು ಪ್ರೇಮಿಗಳಿಗೂ ಅದೇ ವೇಷ ತೊಡಿಸಿದ. ಆ ಸನ್ಯಾಸಿಗಳ ಫುಕೆ ಪಂಥವನ್ನು 1871ರಲ್ಲಿ ಸರ್ಕಾರ ರದ್ದುಮಾಡಿತು.