ಉಡದ ಸಾಲ

ಪರದೇಶದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಗುವಾನ ಸಾಕಿದ್ದಾನೆ. ‘ಗುರುಗಳೇ, ಚಳಿ ಬಂದಾಗಿನಿಂದ ಅದು ಎಲೆ ಮುಟ್ಟುತ್ತಿಲ್ಲ’ ಎಂದು ಬರೆದಿದ್ದಾನೆ. ಓದಿದಾಗ ನನಗೆ ನೆನಪಾದದ್ದು ಕೊರ್ಲಹಳ್ಳಿಯ ಹೊಳೆದಂಡೆಯ ಉಡ.

ತುಂಗಭದ್ರೆಯ ದಂಡೆಯ ಬಂಡೆಗಳ ಮೇಲೆ ಉಡ ಮುಂಜಾನೆಯ ಬಿಸಿಲಿಗೆ ಮೈಯೊಡ್ಡಿ ಮಲಗಿರುತ್ತಿತ್ತು. ಮೈ ಕಾದ ಮೇಲೆಯೇ ಬೇಟೆಗೆ ಹೊರಡುತ್ತಿತ್ತು. ನಮ್ಮಂತೆ ಅದರ ಒಡಲು ತಾನೇ ಸಾಕಷ್ಟು ಶಾಖ ಹುಟ್ಟಿಸಿಕೊಳ್ಳಲಾರದು. ಸೂರ್ಯನಿಂದ ಕಡ ತರಬೇಕು.

ಮನುಷ್ಯ ಈ ಪ್ರಾಣಿಯನ್ನು ಬಳಸಿಕೊಂಡ ಚರಿತ್ರೆ ದೀರ್ಘವಾದದ್ದು. ಬಿಡದ ಹಿಡಿತಕ್ಕೆ ನಾವು ‘ಉಡದ ಪಟ್ಟು’ ಎನ್ನುತ್ತೇವೆ. ಮರಾಠಿಯಲ್ಲಿ ಉಡಕ್ಕೆ ‘ಘೋರ್ಪಡ’ ಎಂದು ಹೆಸರು. ಅದಕ್ಕೆ ಹಗ್ಗ ಕಟ್ಟಿ ಕೋಟೆಯ ಗೋಡೆ ಏರಿದರೆಂಬ ಐತಿಹ್ಯವಿದೆ. ಮುಧೋಳ, ಸಂಡೂರುಗಳನ್ನು ಆಳಿದ ಘೋರ್ಪಡೆ ಮನೆತನದ ಹೆಸರೂ ಹಾಗೆಯೇ ಬಂದಿತೆನ್ನುತ್ತಾರೆ. 1670ರ ಸಿಂಹಗಡದ ಕಾಳಗದ ಕಥೆಯಲ್ಲಿಯೂ ಉಡವುಂಟು. ಇದರ ಚರ್ಮವನ್ನು ಖಂಜಿರಕ್ಕೆ ಬಿಗಿದರು. ಮಾಂಸವನ್ನು ತಿಂದರು, ಕೊಬ್ಬಿನೆಣ್ಣೆಯನ್ನು ಔಷಧವೆಂದು ನಂಬಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಉಡ ಸೇರಿದೆ. ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ.

ಕಾಯ್ದೆ ಬರುವ ಮೊದಲು, ಬಾಲ್ಯದಲ್ಲಿ, ನಾವು ಹುಡುಗರು ಒಂದು ಉಡವನ್ನು ಹಿಡಿದು ಕತ್ತಲೆಯ ಕೋಣೆಯಲ್ಲಿ ಕಟ್ಟಿದ್ದೆವು. ಜೋಳದ ರೊಟ್ಟಿ ಇಟ್ಟರೆ ಮೂಸಲಿಲ್ಲ. ಮಳೆಗಾಲದ ಆ ತಂಪಿನಲ್ಲಿ ದಿನದಿನಕ್ಕೆ ಜಡವಾಗಿ, ಒಂದು ಮುಂಜಾನೆ ಸತ್ತಿತ್ತು. ಹಗ್ಗ ಬಿಚ್ಚಿದವನು ನಾನೇ.

ಇಗುವಾನ ಅಮೆರಿಕ ಖಂಡದ್ದು, ಬೇರೆಯೇ ಕುಲದ್ದು. ಉಡ ಮಾಂಸಾಹಾರಿ, ಇದು ಎಲೆ ತಿನ್ನುವುದು. ಆದರೆ ಬಿಸಿಲಿನ ಹಂಗು ಎರಡಕ್ಕೂ ಒಂದೇ. ಮೈ ಕಾಯದಿದ್ದರೆ ತಿಂದ ಎಲೆ ಅರಗದು. ಆದುದರಿಂದ ಗೂಡಿನ ಒಂದು ಮೂಲೆಯಲ್ಲಿ 32ರಿಂದ 35 ಡಿಗ್ರಿ ಶಾಖವಿರಬೇಕು. ಸೆಕೆಯಾದಾಗ ಸರಿಯಲು ತಂಪಾದ ಮೂಲೆಯೂ ಬೇಕು. ದೀಪ ಮೈಗೆ ತಾಗಿ ಸುಡಬಾರದು. ಕಿಟಕಿಯ ಬಿಸಿಲನ್ನು ನಂಬಬೇಡಿ: ಡಿ ಜೀವಸತ್ವ ಹುಟ್ಟಿಸುವ ಅತಿನೇರಳೆ ಕಿರಣವನ್ನು ಗಾಜು ತಡೆಯುತ್ತದೆ. ಆ ಕಿರಣ ಸೂಸುವ ಪ್ರತ್ಯೇಕ ದೀಪವಿಲ್ಲದಿದ್ದರೆ ಸುಣ್ಣದಂಶ ಮೈಗೆ ಹತ್ತದೆ ಎಲುಬು ಮೆತ್ತಗಾಗುತ್ತದೆ. ಇಷ್ಟಾದರೂ ಉಣ್ಣದಿದ್ದರೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಭಾರತದಲ್ಲಿ ಸಾಕುವವರಾದರೆ 2024ರ ನಿಯಮಗಳಂತೆ ನೋಂದಣಿಯನ್ನೂ ಮಾಡಿಸಬೇಕು.

ಅವನಿಗೆ ಇದನ್ನೆಲ್ಲ ಬರೆದು, ಕೊನೆಗೆ ಒಂದು ಮಾತು ಸೇರಿಸಿದೆ: ‘ಅದರ ಸೂರ್ಯನನ್ನು ನೀನು ಕಿತ್ತುಕೊಂಡಿದ್ದೀಯಪ್ಪಾ, ದಿನಾಲೂ ತೀರಿಸಬೇಕಾದ ಸಾಲವದು. ನಾನು ತೀರಿಸಲಿಲ್ಲ.’