ಗೋವಿನ ಲೆಕ್ಕ, ಶ್ರಾವಕನ ಲೆಕ್ಕ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಬೆಳಗಿನ ಜಾವ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತ ರೈತರನ್ನು ಯಾರೂ ಕಾಣಬಹುದು. ಯಾರ ಹಾಲು ಎಷ್ಟು, ಅದರಲ್ಲಿ ಜಿಡ್ಡು ಎಷ್ಟು ಎಂಬುದು ಹೊತ್ತು ಹೊತ್ತಿಗೆ ದಾಖಲಾಗುತ್ತದೆ. ಇಂತಹ ಹಾಲೇ ನಮ್ಮ ಮನೆಗೂ ಬಸದಿಯ ಅಭಿಷೇಕಕ್ಕೂ ಬರುತ್ತದೆ. ಹಾಲಿನ ಲೆಕ್ಕ ಇಷ್ಟು ಚೊಕ್ಕವಾಗಿರುವಾಗ ಹಸುವಿನ ಲೆಕ್ಕ ಎಲ್ಲಿದೆ ಎಂಬ ಪ್ರಶ್ನೆ, ಖಾತೆ ಕಿರ್ದಿಗಳ ನಡುವೆಯೇ ಆಯುಷ್ಯ ಕಳೆದ ನನ್ನಂಥವನಿಗೆ ಸಹಜವಾಗಿ ಬರುವಂಥದು.

ಈ ಪ್ರಶ್ನೆ ನಮ್ಮ ಆಗಮಪರಂಪರೆಗೆ ಹೊಸದಲ್ಲ. ನರಸೀಪುರ ತಾಲ್ಲೂಕಿನ ತಲಕಾಡು ಗಂಗರ ರಾಜಧಾನಿಯಾಗಿತ್ತು. ಗಂಗರ ದುರ್ವಿನೀತನಿಗೆ ಪೂಜ್ಯಪಾದಾಚಾರ್ಯರು ಗುರುಗಳಾಗಿದ್ದರೆಂದು ಸಂಪ್ರದಾಯ ಹೇಳುತ್ತದೆ. ತತ್ತ್ವಾರ್ಥಸೂತ್ರಕ್ಕೆ ಅವರು ಬರೆದ ವ್ಯಾಖ್ಯಾನವೇ ಸರ್ವಾರ್ಥಸಿದ್ಧಿ. ಅಹಿಂಸಾಣುವ್ರತಕ್ಕೆ ಅಲ್ಲಿ ಹೇಳಿರುವ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲೆಯಲ್ಲ, ಹೊಡೆತ. ಕೊಲ್ಲುವುದನ್ನು ಬಿಟ್ಟವನಿಗೂ ಕೊಟ್ಟಿಗೆಯಲ್ಲಿ ಮಾಡಬಹುದಾದ ತಪ್ಪುಗಳು ಐದು ಉಳಿದಿವೆ ಎಂದಾಯಿತು. ಅದೇ ಗ್ರಂಥ ಪರಿಗ್ರಹಪರಿಮಾಣವನ್ನು ಹೇಳುವಾಗ 'ಧನ'ವೆಂಬ ಮಾತಿಗೆ ಗೋವು ಮೊದಲಾದುವೆಂದು ಅರ್ಥ ಮಾಡುತ್ತದೆ. ನಮ್ಮ ಆಡುಮಾತಿನ 'ದನ'ವೂ ಅದೇ. ಎಣಿಸದೆ ಪರಿಮಾಣ ಮಾಡುವುದು ಸಾಧ್ಯವಿಲ್ಲವಷ್ಟೆ. ಮುಂದೆ 12ನೆಯ ಶತಮಾನದಲ್ಲಿ ಚಾಳುಕ್ಯ ರಾಜಕುಮಾರನಾದ ಜೈನಕವಿ ಕೀರ್ತಿವರ್ಮನು 'ಗೋವೈದ್ಯ'ವನ್ನು ಕನ್ನಡದಲ್ಲಿಯೇ ಬರೆದನು.

ಮೈಸೂರು ಸೀಮೆಯಲ್ಲಿ ದನಗಳ ದಾಖಲೆ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಅರಮನೆಯಿಂದ. 17ನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರು 'ಬೆಣ್ಣೆ ಚಾವಡಿ'ಯನ್ನು ಸ್ಥಾಪಿಸಿದರು. ಟಿಪ್ಪು ಸುಲ್ತಾನನು ಅದಕ್ಕೆ 'ಅಮೃತಮಹಲ್' ಎಂದು ಹೆಸರಿಟ್ಟು ಹುಕುಂನಾಮೆ ಹೊರಡಿಸಿದನು. ವರ್ಷಕ್ಕೊಮ್ಮೆ ಹಿಂಡುಗಳ ಎಣಿಕೆಯಾಗುತ್ತಿತ್ತು. ಬೇಸಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆ ಬೇರೆ ಕಾವಲುಗಳಿದ್ದವು. ಹುಲ್ಲು ಮತ್ತೆ ಚಿಗುರಲು ಇದರಿಂದ ಅವಕಾಶ ದೊರೆಯುತ್ತಿತ್ತು. ವ್ಯವಸ್ಥೆ ಮೆಚ್ಚತಕ್ಕದ್ದೇ. ಆದರೆ ಅದರ ಗುರಿ ತೋಪಿನ ಗಾಡಿ ಎಳೆಯುವ ಎತ್ತು ಎಂಬುದನ್ನು ಮರೆಯಲಾಗದು. ಅತಿಭಾರಾರೋಪಣಕ್ಕಾಗಿಯೇ ನಡೆದ ಎಣಿಕೆಯದು.

1799ರ ಬಳಿಕ ಹಿಂಡುಗಳು ಇಂಗ್ಲಿಷರ ವಶವಾದವು. 1860ರಲ್ಲಿ ಖರ್ಚು ಹೆಚ್ಚೆಂದು ಅವುಗಳನ್ನು ಮಾರಿಬಿಟ್ಟರು. ಅಂಥ ಎತ್ತುಗಳು ಬೇರೆಲ್ಲೂ ಸಿಗವೆಂದು ಮನವರಿಕೆಯಾದ ಮೇಲೆ 1866ರಲ್ಲಿ ಚದುರಿದ ದನಗಳನ್ನು ಹುಡುಕಿ ಸಂಸ್ಥೆಯನ್ನು ಮತ್ತೆ ಕಟ್ಟಬೇಕಾಯಿತು. ಆ ವರ್ಷದ ಖರ್ಚನ್ನು ಮಾತ್ರ ನೋಡಿ ಬಂಡವಾಳವನ್ನೇ ಕಳೆದುಕೊಂಡ ಈ ಪ್ರಸಂಗ ಯಾವ ಅಂಗಡಿಯಲ್ಲಾದರೂ ನಡೆಯಬಹುದಾದದ್ದು.

ಈಗಿನ ದಾಖಲೆ ಬೇರೆ ಬಗೆಯದು. ಹಸುವಿನ ಕಿವಿಗೆ ಹನ್ನೆರಡು ಅಂಕಿಗಳ ಓಲೆ ಹಾಕಿ, ಅದರ ಲಸಿಕೆ, ಗರ್ಭಧಾರಣೆ, ಚಿಕಿತ್ಸೆಗಳನ್ನು ಗಣಕಯಂತ್ರಕ್ಕೆ ಸೇರಿಸುತ್ತಾರೆ. (ಕಿವಿ ಚುಚ್ಚುವುದು ಛೇದವಲ್ಲವೇ ಎಂದು ಕೇಳುವವರುಂಟು. ವ್ಯಾಖ್ಯಾನವು ಹೇಳುವುದು ಅವಯವವನ್ನು ಕತ್ತರಿಸಿ ತೆಗೆಯುವುದನ್ನು. ರಕ್ಷಣೆಯ ಗುರುತು ಅದಾಗದೆಂದು ನನ್ನ ಅಭಿಪ್ರಾಯ.) 2013ರಲ್ಲಿ ಕಾಲುಬಾಯಿ ಜ್ವರವು ಕರ್ನಾಟಕದಲ್ಲಿ ಸಾವಿರಾರು ರಾಸುಗಳನ್ನು ಕೊಂಡೊಯ್ದಿತು. 2019ರಲ್ಲಿ ಇದರ ನಿಯಂತ್ರಣಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಯಾವ ಹಸುವಿಗೆ ಲಸಿಕೆ ಬಿದ್ದಿದೆ, ಯಾವುದಕ್ಕೆ ಇಲ್ಲ ಎಂಬುದು ಓಲೆಯ ಸಂಖ್ಯೆಯಿಂದ ತಿಳಿಯುತ್ತದೆ. ಕೆಚ್ಚಲುಬಾವು ಮೊದಮೊದಲು ಕಣ್ಣಿಗೆ ಕಾಣುವುದಿಲ್ಲ. ದಿನದಿನದ ಹಾಲನ್ನು ಹಸುವಾರು ಬರೆದಿಟ್ಟವನಿಗೆ ಅರ್ಧ ಲೀಟರಿನ ಇಳಿತವೇ ಎಚ್ಚರಿಕೆ ಕೊಡುತ್ತದೆ. ಡೇರಿಯ ಪುಸ್ತಕದಲ್ಲಿ ಇದು ಸಿಗದು, ಅಲ್ಲಿರುವುದು ಮನೆಯ ಒಟ್ಟು ಹಾಲು.

ಮೇವಿನ ವಿಷಯವೂ ಹೀಗೆಯೇ. ನಾಲೆ ಬಯಲಿನಲ್ಲಿ ಭತ್ತದ ಹುಲ್ಲಿಗೂ ಕಬ್ಬಿನ ಸೋಗೆಗೂ ಕೊರತೆಯಿಲ್ಲ, ಹಸುವಿನ ಹೊಟ್ಟೆ ತುಂಬುತ್ತದೆ. ಆದರೆ ಸಾರಜನಕ, ಖನಿಜಗಳು ಸಾಲದೆ ಅದು ಬೆದೆಗೆ ಬಾರದೆ ಉಳಿಯುತ್ತದೆ. ಇದನ್ನು ಅರಿಯದೆ ಮಾಡಿದ ಅನ್ನಪಾನನಿರೋಧವೆನ್ನಬಹುದು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು ಹಸುವಿನ ತೂಕ, ಹಾಲು, ಊರಲ್ಲಿ ದೊರೆಯುವ ಮೇವು ಇವನ್ನು ಲೆಕ್ಕಹಾಕಿ ಆಹಾರ ಸಮತೋಲನದ ಸಲಹೆ ನೀಡಿದೆ. ಇದರಿಂದ ಖರ್ಚು ಇಳಿಯುತ್ತದೆ, ಮೆಲುಕಿನೊಡನೆ ಹೊರಬರುವ ಮೀಥೇನ್ ಅನಿಲವೂ ಕಡಿಮೆಯಾಗುತ್ತದೆ.

ಇಷ್ಟು ಒಪ್ಪಿದ ಮೇಲೂ ನನ್ನನ್ನು ಕಾಡುವುದು ಲೆಕ್ಕದ ಇನ್ನೊಂದು ಮುಖ. ಯಾವ ಹಸುವಿಗೆ ಕಾಯಿಲೆಯೆಂದು ತೋರಿಸುವ ಪುಸ್ತಕವೇ ಯಾವ ಹಸು ನಷ್ಟದ್ದೆಂದೂ ತೋರಿಸುತ್ತದೆ. ಹಾಲು ಬತ್ತಿದ ಹಸು, ಗಂಡುಕರು, ಇವು ಖರ್ಚಿನ ಕಡೆ ಮಾತ್ರ ಕಾಣುತ್ತವೆ. ಹೆಣ್ಣುಕರುವೇ ಹುಟ್ಟುವಂತೆ ಲಿಂಗನಿರ್ಧರಿತ ವೀರ್ಯ ಬಂದಿದೆ. ಗಂಡುಕರುವಿನ ದುಃಸ್ಥಿತಿ ಅದರಿಂದ ಕಡಿಮೆಯಾದೀತು, ಮುದಿಹಸುವಿನದು ಆಗದು. 2021ರಲ್ಲಿ ಜಾರಿಗೆ ಬಂದ ರಾಜ್ಯದ ಕಾಯಿದೆ ಗೋಹತ್ಯೆಯನ್ನು ತಡೆಯುತ್ತದೆ, ಆದರೆ ಮೇವಿನ ಹಣವನ್ನು ರೈತನಿಗೆ ಕೊಡುವುದಿಲ್ಲ. ಎರಡು ಹಸುವಿನ ರೈತನನ್ನು ನಿಷ್ಕರುಣಿಯೆನ್ನುವುದು ಹಾಲು ಕೊಳ್ಳುವ ನಮಗೆ ಶೋಭಿಸದು. ಕೃತ, ಕಾರಿತ, ಅನುಮತ ಮೂರನ್ನೂ ಎಣಿಸುವ ಧರ್ಮದಲ್ಲಿ ನಮ್ಮ ಪಾಲು ಎರಡನೆಯದೋ ಮೂರನೆಯದೋ ಎಂಬುದಷ್ಟೇ ಚರ್ಚೆಗೆ ಉಳಿದದ್ದು.

ಬಸದಿಗಳ ಆಡಳಿತ ಮಂಡಳಿಗಳಿಗೆ ನನ್ನದೊಂದು ವಿನಂತಿ. ಅಭಿಷೇಕದ ಹಾಲಿನ ಬಾಬತ್ತನ್ನು ಈಗಾಗಲೇ ನೀವು ಬರೆಯುತ್ತಿದ್ದೀರಿ. ಹಾಲು ಕೊಡುವ ಮನೆಯ ಹಸುಗಳ ಓಲೆಯ ಸಂಖ್ಯೆಗಳನ್ನು ಅದರ ಪಕ್ಕದಲ್ಲಿ ಬರೆದಿಡಿ. ಅವುಗಳಲ್ಲಿ ಒಂದು ಬತ್ತಿದಾಗ ಅದು ಎಲ್ಲಿದೆಯೆಂದು ವಿಚಾರಿಸಿ, ಮೇವಿನ ಖರ್ಚಿನಲ್ಲಿ ಎಷ್ಟು ಪಾಲನ್ನು ಬಸದಿ ಹೊರಬಹುದೆಂದು ಮುಂದಿನ ಆಯವ್ಯಯ ಸಭೆಯಲ್ಲಿ ಗೊತ್ತುಮಾಡಿ.