ಪ್ರಾಥಮಿಕ ತರಗತಿಯ ಡಿಜಿಟಲ್ ಸಾಧನಗಳು ಮತ್ತು ಪ್ರಶಿಕ್ಷಣಾರ್ಥಿಯ ವಿವೇಚನೆ

೧. ಪೂರ್ವಪೀಠಿಕೆ

೧೯೭೫ನೆಯ ಇಸವಿಯ ಆಗಸ್ಟ್ ೧ರಿಂದ ಮೊದಲ್ಗೊಂಡು ಒಂದು ವರ್ಷಕಾಲ, ಅಮೆರಿಕದ ನಾಸಾ ಸಂಸ್ಥೆಯಿಂದ ಎರವಲಾಗಿ ದೊರೆತ ಎ.ಟಿ.ಎಸ್.-೬ ಉಪಗ್ರಹದ ಮೂಲಕ ಭಾರತದ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ದೂರದರ್ಶನದ ಕಾರ್ಯಕ್ರಮಗಳು ಪ್ರಸಾರವಾದಾಗ, ಕರ್ನಾಟಕದ ಪಾಲಿಗೆ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು ಆ ಪ್ರಯೋಗದ ಕ್ಷೇತ್ರಗಳಾದವು. ‘ಸೈಟ್’ ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾದ ಆ ಪ್ರಯೋಗದಲ್ಲಿ ಬೆಳಗಿನ ವೇಳೆಯು ಶಾಲೆಯ ಮಕ್ಕಳಿಗೆ ಮೀಸಲಾಗಿತ್ತು. ಅನಂತರ ಆಕಾಶವಾಣಿಯ ಮೂಲಕ ಬಂದ ‘ಕೇಳಿ ಕಲಿ’ ಪಾಠಗಳೂ, ೨೦೦೪ರ ಸೆಪ್ಟೆಂಬರಿನಲ್ಲಿ ಉಡಾವಣೆಗೊಂಡ ಎಜುಸ್ಯಾಟ್ ಉಪಗ್ರಹವನ್ನು ಆಶ್ರಯಿಸಿ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳನ್ನು ತಲಪಿದ ಪಾಠಗಳೂ ಇದೇ ಪರಂಪರೆಯವು. ಇವೆಲ್ಲಕ್ಕೂ ಸಮಾನವಾದ ಲಕ್ಷಣವೊಂದುಂಟು: ಪಾಠದ ವಸ್ತುವನ್ನೂ ಕ್ರಮವನ್ನೂ ಕಾಲವನ್ನೂ ದೂರದ ಸ್ಟುಡಿಯೋ ನಿರ್ಣಯಿಸುತ್ತಿತ್ತು, ಯಂತ್ರವನ್ನು ಹೊತ್ತಿಗೆ ಸರಿಯಾಗಿ ಚಾಲೂ ಮಾಡುವುದು, ಅದು ಹೇಳಿದ ಚಟುವಟಿಕೆಯನ್ನು ಮಾಡಿಸುವುದು, ಮುಗಿದ ಮೇಲೆ ನಾಲ್ಕು ಪ್ರಶ್ನೆ ಕೇಳುವುದು—ಇಷ್ಟೇ ಶಿಕ್ಷಕನ ಪಾಲಿಗೆ ಉಳಿದಿತ್ತು.

೨೦೧೭ರ ಸೆಪ್ಟೆಂಬರ್ ೫ರಂದು ಆರಂಭವಾದ ‘ದೀಕ್ಷಾ’ ವೇದಿಕೆಯೂ, ಅದರ ಬೆನ್ನಿಗೆ ಪಠ್ಯಪುಸ್ತಕದ ಪುಟಗಳಲ್ಲಿ ಮುದ್ರಿತವಾದ ಕ್ಯೂಆರ್ ಕೋಡ್‌ಗಳೂ ಈ ಸ್ಥಿತಿಯನ್ನು ಬದಲಿಸಿದುವು. ಈಗ ಯಾವ ವಿಡಿಯೋವನ್ನು ತೋರಿಸಬೇಕು, ಎಲ್ಲಿ ನಿಲ್ಲಿಸಬೇಕು, ತೋರಿಸಲೇಬೇಕೆ ಎಂಬುದನ್ನೆಲ್ಲ ನಿರ್ಣಯಿಸುವವರು ಮೊಬೈಲನ್ನು ಕೈಯಲ್ಲಿ ಹಿಡಿದ ಶಿಕ್ಷಕರೇ. ಆಯ್ಕೆಯ ಅಧಿಕಾರ ಬಂದ ಮೇಲೆ ಆಯ್ಕೆಯ ಶಿಕ್ಷಣವೂ ಬೇಕಾಗುವುದು ಸಹಜವಷ್ಟೆ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಲ್ಲಿ, ಎಂದರೆ ಡಯಟ್‌ಗಳಲ್ಲಿ, ಎರಡು ವರ್ಷದ ಡಿ.ಎಲ್.ಇಡಿ. ವ್ಯಾಸಂಗ ಮಾಡುತ್ತಿರುವ ಪ್ರಶಿಕ್ಷಣಾರ್ಥಿಯು ಡಿಜಿಟಲ್ ಸಾಧನಗಳನ್ನು ಪರಿಶೀಲಿಸಬೇಕಾದ ಕ್ರಮವೆಂತಹುದೆಂಬುದೇ ಪ್ರಸ್ತುತ ಲೇಖನದ ವಿಷಯ. ಪಾಠದೊಳಗೆ ಮಗುವಿಗೆ ಎದುರಾಗುವ ತೊಡಕನ್ನು ಮೊದಲು ಗುರುತಿಸಿ, ಬಳಿಕ ಆ ತೊಡಕಿಗೆ ತಕ್ಕ ಸಾಧನವನ್ನು ಅರಸುವುದೇ ಸರಿಯಾದ ಕ್ರಮವೆಂದೂ, ಇದರ ವಿಪರ್ಯಯದಿಂದಲೇ ಬಹುಮಟ್ಟಿನ ವೈಫಲ್ಯ ಸಂಭವಿಸುವುದೆಂದೂ ಇಲ್ಲಿ ಪ್ರತಿಪಾದಿಸಲಾಗಿದೆ.

೨. ತಾತ್ತ್ವಿಕ ಹಿನ್ನೆಲೆ

ವಿಷಯವನ್ನು ಬಲ್ಲವರೆಲ್ಲರೂ ಅದನ್ನು ಬೋಧಿಸಬಲ್ಲವರಲ್ಲವೆಂಬುದು ಹಳೆಯ ಅನುಭವ. ೧೯೮೬ರಲ್ಲಿ ಅಮೆರಿಕದ ಶಿಕ್ಷಣಶಾಸ್ತ್ರಜ್ಞ ಲೀ ಶುಲ್ಮನ್ ಈ ಅನುಭವಕ್ಕೆ ಶಾಸ್ತ್ರೀಯ ರೂಪವನ್ನು ಕೊಟ್ಟು, ವಿಷಯಜ್ಞಾನವೂ ಬೋಧನಜ್ಞಾನವೂ ಸಂಗಮಿಸುವ ಎಡೆಯಲ್ಲಿ ಶಿಕ್ಷಕನಿಗೇ ವಿಶಿಷ್ಟವಾದ ಜ್ಞಾನವೊಂದು ನೆಲಸಿರುವುದೆಂದು ತೋರಿಸಿದರು. ಮಗು ಎಲ್ಲಿ ಎಡವುವುದು, ಏಕೆ ಎಡವುವುದು ಎಂಬ ಅರಿವು ಅದರ ಮುಖ್ಯಾಂಶ. ೨೦೦೬ರಲ್ಲಿ ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಹ್ಲರ್ ಈ ಚೌಕಟ್ಟಿಗೆ ತಂತ್ರಜ್ಞಾನವೆಂಬ ಮೂರನೆಯ ವೃತ್ತವನ್ನು ಸೇರಿಸಿದರು. ಇವರ ಅಭಿಪ್ರಾಯದ ತಿರುಳಿರುವುದು ವೃತ್ತಗಳು ಒಂದರೊಡನೊಂದು ಬೆರೆಯುವ ಭಾಗದಲ್ಲಿ. ಗಣಕಯಂತ್ರದ ಪಾಠವನ್ನು ಪ್ರಯೋಗಾಲಯದಲ್ಲಿ ಒಬ್ಬರು, ಗಣಿತಬೋಧನೆಯ ಪಾಠವನ್ನು ತರಗತಿಯಲ್ಲಿ ಇನ್ನೊಬ್ಬರು, ಪರಸ್ಪರ ಸಂಬಂಧವಿಲ್ಲದೆ ನಡೆಸಿದಲ್ಲಿ, ಸ್ಲೈಡ್‌ಗಳನ್ನು ಅಂದವಾಗಿ ಜೋಡಿಸಬಲ್ಲ, ಆದರೆ ಅವುಗಳಿಂದ ಯಾವ ಮಗುವಿನ ಯಾವ ತಪ್ಪು ತಿದ್ದೀತೆಂದು ಹೇಳಲಾರದ ಶಿಕ್ಷಕರು ಸಿದ್ಧವಾಗುವರು.

೩. ಮೂರು ನಿದರ್ಶನಗಳು

ಸಿದ್ಧಾಂತವನ್ನು ಪಾಠಗಳ ಮಟ್ಟಕ್ಕಿಳಿಸಿ ನೋಡಿದರೆ ವಿಷಯವು ಸ್ಪಷ್ಟವಾಗುವುದು.

ಕನ್ನಡದ ಬರವಣಿಗೆಯನ್ನು ಮೊದಲು ತೆಗೆದುಕೊಳ್ಳೋಣ. ‘ವರ್ಷ’ ಎಂಬ ಪದವನ್ನು ಉಚ್ಚರಿಸುವಾಗ ರಕಾರವು ಷಕಾರಕ್ಕಿಂತ ಮೊದಲು ಕೇಳಿಬರುವುದು. ಬರೆಯುವಾಗಲಾದರೋ ಅರ್ಕಾವತ್ತಿನ ಚಿಹ್ನೆಯು ಷಕಾರದ ಬಲಕ್ಕೆ ಬಂದು ನಿಲ್ಲುವುದು. ಕಿವಿಯನ್ನೇ ನೆಚ್ಚಿದ ಮಗು ಆ ಚಿಹ್ನೆಯನ್ನು ವಕಾರದ ಪಕ್ಕದಲ್ಲಿ ಇರಿಸುವುದುಂಟು. ಶಿಕ್ಷಕರು ಅದನ್ನು ಅಜಾಗರೂಕತೆಯೆಂದು ಕೆಂಪು ಶಾಯಿಯಲ್ಲಿ ತಿದ್ದುವರು. ವಸ್ತುತಃ ಮಗುವು ಧ್ವನಿಯ ಕ್ರಮವನ್ನು ನಿಷ್ಠೆಯಿಂದ ಅನುಸರಿಸಿದ್ದೇ ಆ ತಪ್ಪಿಗೆ ಕಾರಣ. ಇಲ್ಲಿ ಕೀಲಿಮಣೆಯು ಒಂದು ಅಪೂರ್ವ ಉಪಕಾರವನ್ನು ಮಾಡಬಲ್ಲುದು. ವ, ರ, ಹಲಂತದ ಚಿಹ್ನೆ, ಷ ಎಂದು ಉಚ್ಚಾರಣೆಯ ಕ್ರಮದಲ್ಲಿಯೇ ಒತ್ತುತ್ತ ಹೋದರೆ, ಮೊದಲು ‘ವರ್’ ಎಂದು ಕಾಣಿಸಿಕೊಂಡು, ಷಕಾರ ಬಿದ್ದ ಕ್ಷಣದಲ್ಲಿ ಅರ್ಕಾವತ್ತು ತಾನಾಗಿಯೇ ಅದರ ಬಲಕ್ಕೆ ಸರಿದು ‘ವರ್ಷ’ ಎಂದಾಗುವುದು. ಕೆ. ಪಿ. ರಾವ್ ಅವರು ರೂಪಿಸಿದ, ‘ನುಡಿ’ ತಂತ್ರಾಂಶದಲ್ಲಿ ಬಳಕೆಗೆ ಬಂದ ವಿನ್ಯಾಸದಲ್ಲಿಯಾದರೆ ಎಫ್ ಎಂಬ ಕೀಲಿಯೇ ಹಲಂತದ ಕೆಲಸವನ್ನು ಮಾಡುವುದು. ‘ಅಕ್ಕಿ’ ಎಂಬಲ್ಲಿಯೂ ಹೀಗೆಯೇ: ಕೊನೆಗೆ ಕೇಳಿಬರುವ ಇಕಾರವು ಬರಹದಲ್ಲಿ ಮೇಲಿನ ಅಕ್ಷರಕ್ಕೆ ಗುಡಿಸಾಗಿ ಸೇರುವುದು, ಕೀಲಿಮಣೆಯಲ್ಲಿ ಅದನ್ನು ಒತ್ತುವುದು ಕೊನೆಗೇ. ಧ್ವನಿಯ ಕ್ರಮವೂ ಲಿಪಿಯ ವಿನ್ಯಾಸವೂ ಬೇರೆ ಬೇರೆ ಎಂಬ ಸೂಕ್ಷ್ಮವನ್ನು, ವ್ಯಾಕರಣದ ಪರಿಭಾಷೆಯ ಸೋಂಕಿಲ್ಲದೆ, ಮಗುವು ಕಣ್ಣಾರೆ ಕಾಣುವುದು. ಆದರೆ ಇದಕ್ಕೊಂದು ಕಟ್ಟುಪಾಡುಂಟು. ಮೊಬೈಲಿನ ಕೀಲಿಮಣೆಯು ಎರಡಕ್ಷರ ಒತ್ತುತ್ತಲೇ ಇಡೀ ಪದವನ್ನು ಸೂಚಿಸಿಬಿಡುವುದರಿಂದ, ಆ ಸೌಲಭ್ಯವನ್ನು ಮೊದಲೇ ನಿಲ್ಲಿಸಿರದಿದ್ದರೆ ಅಭ್ಯಾಸವೇ ವ್ಯರ್ಥ. ಕೈಬರಹದ ಸಾಧನೆಯನ್ನಂತೂ ಕೀಲಿಮಣೆಯು ತುಂಬಿಕೊಡಲಾರದು.

ಎರಡನೆಯದು ಭಿನ್ನರಾಶಿ. ಎಂಟು ನಾಲ್ಕಕ್ಕಿಂತ ದೊಡ್ಡದಾದ ಕಾರಣ ೧/೮ ಎಂಬುದೂ ೧/೪ಕ್ಕಿಂತ ದೊಡ್ಡದೆಂದು ಭಾವಿಸುವ ಮಕ್ಕಳು ಪ್ರತಿ ತರಗತಿಯಲ್ಲಿಯೂ ಇರುವರು. ಕಾಗದ ಮಡಿಸುವ ಚಟುವಟಿಕೆಯು ಈ ತೊಡಕಿಗೆ ಒಳ್ಳೆಯ ಔಷಧವೇ ಹೌದು. ಆದರೆ ಮಡಿಕೆಯು ಎರಡು, ನಾಲ್ಕು, ಎಂಟು ಭಾಗಗಳಿಗೆ ಸುಲಭವಾಗಿ ಒಗ್ಗುವಂತೆ ಐದು, ಏಳು ಭಾಗಗಳಿಗೆ ಒಗ್ಗದು. ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕಸ್ ಹೊಹೆನ್‌ವಾರ್ಟರ್ ೨೦೦೧ರಲ್ಲಿ ಆರಂಭಿಸಿದ, ಈಗ ಮಕ್ಕಳಿಗೂ ಶಿಕ್ಷಕರಿಗೂ ಉಚಿತವಾಗಿ ದೊರೆಯುವ ಜಿಯೋಜೀಬ್ರಾ ತಂತ್ರಾಂಶದಲ್ಲಿ, ಸ್ಲೈಡರನ್ನು ಎಳೆಯುತ್ತ ಛೇದವನ್ನು ಎರಡರಿಂದ ಹನ್ನೆರಡರವರೆಗೆ ಒಂದೊಂದಾಗಿ ಏರಿಸಿದಂತೆ ಬಣ್ಣ ತುಂಬಿದ ಭಾಗವು ಕಿರಿದಾಗುತ್ತ ಹೋಗುವಂತೆ ಮಾಡಬಹುದು. ಮಡಿಕೆಯಲ್ಲಿ ಬಿಡಿಬಿಡಿಯಾಗಿ ಕಂಡ ಸಂಗತಿಗಳ ಹಿಂದಿನ ನಿಯಮವು ಇಲ್ಲಿ ಅಖಂಡವಾಗಿ ತೋರುವುದು. ಸಾಧನದ ಸಾರ್ಥಕ್ಯವು ಪೂರ್ವಾಪರಕ್ರಮವನ್ನು ಅವಲಂಬಿಸಿದೆ: ಮೊದಲು ಕಾಗದ, ಆಮೇಲೆ ತೆರೆ, ತೆರೆಯಲ್ಲಿಯೂ ಸ್ಲೈಡರನ್ನು ಸರಿಸುವ ಮುನ್ನ “ಈಗ ಭಾಗ ದೊಡ್ಡದಾಗುತ್ತೋ, ಚಿಕ್ಕದಾಗುತ್ತೋ, ಹೇಳ್ರೋ?” ಎಂಬ ಪ್ರಶ್ನೆ. ಊಹೆಯಿಲ್ಲದೆ ನೋಡಿದ ಚಲನೆಯು ವಿನೋದವಾಗಬಹುದೇ ಹೊರತು ವಿಚಾರವಾಗದು.

ಮೂರನೆಯದು ಪರಿಸರ ಅಧ್ಯಯನದ ಬೀಜಾಂಕುರ. ಹೆಸರುಕಾಳು ಮೊಳೆತು ಎಲೆ ಬಿಡುವುದನ್ನು ಅರ್ಧ ನಿಮಿಷದಲ್ಲಿ ತೋರಿಸುವ ವಿಡಿಯೋಗಳು ಹೇರಳ. ಆದರೆ ಈ ಪಾಠದ ಜೀವಾಳವಿರುವುದು ಕಾಲದಲ್ಲಿ, ಕಾಯುವಿಕೆಯಲ್ಲಿ, ನೀರು ಹಾಕಲು ಮರೆತಾಗ ಒಣಗುವುದರಲ್ಲಿ. ಇವೆಲ್ಲವನ್ನೂ ವಿಡಿಯೋ ನುಂಗಿಬಿಡುವುದು. ಅದೇ ಮೊಬೈಲಿನಿಂದ, ಗಾಜಿನ ಲೋಟದಲ್ಲಿ ಒದ್ದೆ ಹತ್ತಿಯ ಮೇಲಿಟ್ಟ ಕಾಳುಗಳನ್ನು ದಿನವೂ ಪ್ರಾರ್ಥನೆಯ ಬಳಿಕ ಮಕ್ಕಳೇ ಒಂದು ಜಾಗದಿಂದ ಫೋಟೋ ತೆಗೆದು, ವಾರದ ಕೊನೆಗೆ ಅವನ್ನು ಒಂದರ ಹಿಂದೊಂದರಂತೆ ನೋಡಿದರೆ, ಬೇರು ಮೊದಲೋ ಎಲೆ ಮೊದಲೋ ಎಂಬ ವಾದಕ್ಕೆ ಅವರದೇ ಆದ ಸಾಕ್ಷ್ಯವು ದೊರೆಯುವುದು. ಉಪಕರಣವು ಒಂದೇ ಆದರೂ ಮೊದಲನೆಯ ಬಳಕೆಯಲ್ಲಿ ಮಗುವು ಪ್ರೇಕ್ಷಕ, ಎರಡನೆಯದರಲ್ಲಿ ವೀಕ್ಷಕ.

೪. ನಲಿ-ಕಲಿ ತರಗತಿಯೂ ಒಂದೇ ಮೊಬೈಲೂ

ಮೇಲಿನ ನಿದರ್ಶನಗಳಿಗೆ ಸಹಜವಾಗಿಯೇ ಒಂದು ಆಕ್ಷೇಪಣೆ ಏಳುವುದು: ಇರುವುದು ಶಿಕ್ಷಕಿಯ ಸ್ವಂತ ಮೊಬೈಲೊಂದೇ, ಕುಳಿತಿರುವವರು ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು. ಇದಕ್ಕೆ ಸಮಾಧಾನವು ನಮ್ಮಲ್ಲಿಯೇ ಬೆಳೆದುಬಂದ ಪದ್ಧತಿಯಲ್ಲಿ ಅಡಗಿದೆ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನೊಡನೆ, ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡುಬಂದ ಶಿಕ್ಷಕರ ಕೈಯಲ್ಲಿ ರೂಪುಗೊಂಡ ನಲಿ-ಕಲಿಯು, ಕಲಿಕೆಯನ್ನು ಮೈಲಿಗಲ್ಲುಗಳಾಗಿ ವಿಭಜಿಸಿ, ಪ್ರತಿಯೊಂದು ಮಗುವೂ ಕಲಿಕಾ ಏಣಿಯನ್ನು ತನ್ನದೇ ವೇಗದಲ್ಲಿ ಏರುವ ವ್ಯವಸ್ಥೆಯನ್ನು ಕಲ್ಪಿಸಿತು. ಶಿಕ್ಷಕರ ಪೂರ್ಣ ಸಹಾಯ, ಶಿಕ್ಷಕರ ಭಾಗಶಃ ಸಹಾಯ, ಗೆಳೆಯರ ಪೂರ್ಣ ಸಹಾಯ, ಗೆಳೆಯರ ಭಾಗಶಃ ಸಹಾಯ, ಸ್ವಕಲಿಕೆ ಎಂಬ ತಟ್ಟೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ಕುಳಿತುಕೊಳ್ಳುವರು.

ಇಂತಹ ತರಗತಿಯಲ್ಲಿ ಗೋಡೆಯ ತುಂಬ ಪ್ರೊಜೆಕ್ಟರಿನ ಚಿತ್ರವನ್ನು ಬಿಟ್ಟು ಎಲ್ಲರನ್ನೂ ಒಂದೇ ಪಾಠಕ್ಕೆ ಎಳೆದರೆ ಏಣಿಯ ತತ್ತ್ವಕ್ಕೇ ಭಂಗ ಬರುವುದು. ಮೂರನೆಯ ಮೈಲಿಗಲ್ಲಿನ ಮಗುವಿಗೂ ಹತ್ತನೆಯದರ ಮಗುವಿಗೂ ಏಕಕಾಲಕ್ಕೆ ಹೊಂದುವ ವಿಡಿಯೋ ಇರುವುದಾದರೂ ಹೇಗೆ? ಮೊಬೈಲನ್ನು ಗೆಳೆಯರ ಸಹಾಯದ ತಟ್ಟೆಯಲ್ಲಿ ಇರಿಸುವುದೇ ಯುಕ್ತ. ಇಬ್ಬರು ಮಕ್ಕಳು ತಮ್ಮ ಮೈಲಿಗಲ್ಲಿನ ಕಥೆಯನ್ನು ಓದಿ ಧ್ವನಿಮುದ್ರಿಸಿಕೊಂಡು, ತಮ್ಮ ದನಿಯನ್ನು ತಾವೇ ಕೇಳಿ, “ಇಲ್ಲಿ ನೀನು ಒತ್ತು ಬಿಟ್ಟೆ ಕಣೋ” ಎಂದು ಒಬ್ಬರನ್ನೊಬ್ಬರು ತಿದ್ದಿಕೊಳ್ಳುತ್ತಿರುವಾಗ, ಶಿಕ್ಷಕಿಗೆ ತನ್ನ ಪೂರ್ಣ ಸಹಾಯವನ್ನು ಬೇಡುವ ಮಕ್ಕಳ ಬಳಿ ಕುಳಿತುಕೊಳ್ಳಲು ಅವಕಾಶವಾಗುವುದು. ಓದುವ ಸಾಮಗ್ರಿಗೂ ಕೊರತೆಯಿಲ್ಲ: ಪ್ರಥಮ್ ಬುಕ್ಸ್ ೨೦೧೫ರಲ್ಲಿ ತೆರೆದ ‘ಸ್ಟೋರಿವೀವರ್’ನಲ್ಲಿ ಮುಕ್ತ ಪರವಾನಗಿಯ ಕನ್ನಡ ಕಥೆಗಳು ಮಟ್ಟವಾರು ವಿಂಗಡಣೆಗೊಂಡು ದೊರೆಯುವುವು; ಅವನ್ನು ಮುಂಚಿತವಾಗಿ ಇಳಿಸಿಕೊಂಡರೆ ನೆಟ್‌ವರ್ಕಿನ ಗೊಡವೆಯೂ ಇಲ್ಲ.

೫. ಪ್ರಶಿಕ್ಷಣಕ್ಕೆ ಕೆಲವು ಸೂಚನೆಗಳು

ಈ ವಿವೇಚನೆಯಿಂದ ಫಲಿಸುವ ಸೂಚನೆಗಳು ಅಲ್ಪವಾದರೂ ಆಚರಣೀಯವಾದುವು. ಪಾಠಯೋಜನೆಯಲ್ಲಿ ಬೋಧನೋಪಕರಣಗಳ ಅಂಕಣಕ್ಕೆ ಮುಂಚೆ ‘ನಿರೀಕ್ಷಿತ ತೊಡಕು’ ಎಂಬ ಅಂಕಣವೊಂದಿರಬೇಕು; ಅದು ಖಾಲಿಯಾಗಿದ್ದಲ್ಲಿ ಡಿಜಿಟಲ್ ಸಾಧನದ ಹೆಸರನ್ನು ಬರೆಯಲು ಮಾರ್ಗದರ್ಶಕರು ಅನುಮತಿ ಕೊಡಕೂಡದು. ಪ್ರಶಿಕ್ಷಣಾರ್ಥಿಯು ಯಾವ ಸಾಧನವನ್ನೇ ಆಗಲಿ ಇಡೀ ತರಗತಿಗೆ ಒಯ್ಯುವ ಮುನ್ನ ಒಂದೆರಡು ಮಕ್ಕಳೊಡನೆ ಪಕ್ಕದಲ್ಲಿ ಕುಳಿತು ಪರೀಕ್ಷಿಸಿ, ಅವರು ಎಲ್ಲಿ ತಡೆದರು, ಏನು ಕೇಳಿದರು ಎಂಬುದನ್ನು ಬರೆದಿಡಬೇಕು. ಕರೆಂಟು ಹೋದರೂ ನಡೆಯಬಲ್ಲ ಪರ್ಯಾಯ ಚಟುವಟಿಕೆಯು ಅದೇ ಯೋಜನೆಯಲ್ಲಿರಬೇಕು. ಮಕ್ಕಳ ಮುಖವನ್ನೂ ಧ್ವನಿಯನ್ನೂ ದಾಖಲಿಸಿಕೊಂಡು ವಾಟ್ಸಾಪ್ ಗುಂಪುಗಳಲ್ಲಿ ಹರಿಯಬಿಡುವ ಅಭ್ಯಾಸವನ್ನು ಪ್ರಶಿಕ್ಷಣದ ಹಂತದಲ್ಲಿಯೇ ತಡೆಯಬೇಕು. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಹದಿನೆಂಟು ವರ್ಷದೊಳಗಿನವರ ದತ್ತಾಂಶಕ್ಕೆ ಪೋಷಕರ ಸಮ್ಮತಿಯನ್ನು ವಿಧಿಸಿರುವುದನ್ನು ಭಾವೀ ಶಿಕ್ಷಕರು ಅರಿತಿರತಕ್ಕದ್ದು.

ಮೌಲ್ಯಮಾಪನದ ಪದ್ಧತಿಯೂ ಇದಕ್ಕನುಗುಣವಾಗಿ ಮಾರ್ಪಡಬೇಕು. ಎಷ್ಟು ಆ್ಯಪ್‌ಗಳನ್ನು ಬಳಸಿದರೆಂಬುದಕ್ಕೆ ಅಂಕ ಕೊಡುವವರೆಗೆ ಪ್ರಶಿಕ್ಷಣಾರ್ಥಿಗಳು ಆ್ಯಪ್‌ಗಳನ್ನೇ ಸಂಗ್ರಹಿಸುವರು. ಪರಿಶೀಲಿಸಿದ ಸಾಧನಗಳಲ್ಲಿ ಯಾವುದನ್ನು, ಯಾವ ಕಾರಣದಿಂದ, ಯಾವ ಪಾಠಕ್ಕೆ ಒಲ್ಲೆನೆಂದರು ಎಂಬ ವಿವರಣೆಗೂ ಅಷ್ಟೇ ಅಂಕ ದೊರೆತರೆ, ಅವರ ದೃಷ್ಟಿಯು ಸಾಧನದಿಂದ ಮಗುವಿನ ಕಡೆಗೆ ತಿರುಗುವುದು. ಸಾಧನಗಳು ವರ್ಷಕ್ಕೊಮ್ಮೆ ಬದಲಾಗುವುವು. ಅರ್ಕಾವತ್ತಿನಲ್ಲಿಯೂ ಛೇದದಲ್ಲಿಯೂ ಮಕ್ಕಳು ಎಡವುವ ಬಗೆ ಅಷ್ಟು ಬೇಗ ಬದಲಾಗದು. ಎರಡು ವರ್ಷದ ಅವಧಿಯಲ್ಲಿ ಕಲಿಸಬೇಕಾದುದು ಈ ಎರಡನೆಯದನ್ನು.